ಮೊದಲ ಕಯಾಕ್: ಅಗಲವೊಂದನ್ನೇ ನೋಡಿ ಕೊಳ್ಳಬೇಡಿ
ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ತೂಕ 92 ಕೆ.ಜಿ., ಎತ್ತರ 5 ಅಡಿ 10 ಇಂಚು. ಭಾನುವಾರ ಬೆಳಿಗ್ಗೆ ಗಂಗೊಳ್ಳಿ–ಕುಂದಾಪುರದ ಹಿನ್ನೀರಿನಲ್ಲಿ ಎರಡು–ಮೂರು ಗಂಟೆ ಕಯಾಕ್‌ನಲ್ಲಿ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಸುತ್ತಾಡಿ, ಗಾಳ ಹಾಕಬೇಕೆಂಬ ಆಸೆ. ಈಜು ಬರುತ್ತದೆ, ದೋಣಿ ನಡೆಸಿ ಅಭ್ಯಾಸವಿಲ್ಲ. ಅಂಗಡಿಯವರು ‘30 ಇಂಚು ಅಗಲ ಇದ್ದರೆ ಸಾಕು, ಮಗುಚುವುದೇ ಇಲ್ಲ’ ಎನ್ನುತ್ತಾರೆ. ನಂಬಬಹುದೇ?
— ಓದುಗರು, ಕುಂದಾಪುರ

ಉತ್ತರ: ಮಗುಚದ ಕಯಾಕ್ ಇನ್ನೂ ಹುಟ್ಟಿಲ್ಲ. ಎಷ್ಟು ವಾಲುವವರೆಗೆ ತಡೆದುಕೊಳ್ಳುತ್ತದೆ, ಕೈಬಿಡುವ ಮೊದಲು ನಿಮಗೆ ಸುಳಿವು ಕೊಡುತ್ತದೆಯೇ, ಇಷ್ಟರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ. ಹಾಗೆಂದು ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಉದ್ದ, ತಳದ ಆಕಾರ ಎಲ್ಲ ಒಂದೇ ಇದ್ದರೆ, ವಾಲದಂತೆ ತಡೆಯುವ ಬಲ ಅಗಲದ ಮೂರನೇ ಘಾತದಂತೆ ಏರುತ್ತದೆ. 30 ಇಂಚಿನ ಬದಲು 34 ಇಂಚು ತೆಗೆದುಕೊಂಡರೆ ಅಗಲ ಹೆಚ್ಚಾಗುವುದು ಶೇ 13ರಷ್ಟು, ತಡೆಯುವ ಬಲ ಹೆಚ್ಚಾಗುವುದು ಶೇ 45ರಷ್ಟು. ಎರಡು ಇಂಚಿಗೂ ಬೆಲೆಯಿದೆ ಅನ್ನುವುದು ಅದಕ್ಕೇ. ಆದರೆ ಈ ಲೆಕ್ಕ ನೀರಿನ ಮಟ್ಟದಲ್ಲಿರುವ ಅಗಲದ್ದು. ಕ್ಯಾಟಲಾಗಿನಲ್ಲಿ ಅಚ್ಚಾಗುವುದು ಮೇಲಂಚಿನ ಗರಿಷ್ಠ ಅಗಲ. ಮೇಲೆ ಅಗಲವಾಗಿ ಹರಡಿ ಕೆಳಗೆ ಸೊಂಟ ಸಣ್ಣದಾದ ಕಯಾಕ್‌ಗಳೂ ಇವೆ. ಬೋರಲು ಹಾಕಿ, ತಳದಿಂದ ಅಂಚಿನ ಕಡೆಗೆ ನಾಲ್ಕೈದು ಇಂಚು ಬಿಟ್ಟು ಟೇಪ್ ಹಿಡಿದು ನೋಡಿ.

ಇನ್ನು ಸೀಟು. ಗಾಳದವರಿಗೆಂದೇ ಮಾಡಿದ ಕಯಾಕ್‌ಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ, ಕುರ್ಚಿಯಂಥ ಎತ್ತರದ ಸೀಟು ಇರುತ್ತದೆ. ಬೆನ್ನಿಗೆ ಸುಖ, ನೀರೂ ಚೆನ್ನಾಗಿ ಕಾಣುತ್ತದೆ. ಆದರೆ ದೋಣಿಯ ಮೇಲಿನ ತೂಕದ ಬಹುಪಾಲು ನಿಮ್ಮ ದೇಹವೇ. ಆ 92 ಕೆ.ಜಿ.ಯನ್ನು ಅರ್ಧ ಅಡಿ ಮೇಲಕ್ಕೆತ್ತಿ ಕೂರಿಸಿದರೆ ಅಗಲದಿಂದ ಬಂದ ಲಾಭದಲ್ಲಿ ದೊಡ್ಡ ಪಾಲು ಕೈಬಿಡುತ್ತದೆ. ತಗ್ಗು ಸೀಟಿನ 31 ಇಂಚಿನ ಕಯಾಕ್ ಎತ್ತರ ಸೀಟಿನ 33 ಇಂಚಿನದಕ್ಕಿಂತ ಭದ್ರವೆನಿಸುವುದು ಇದರಿಂದಲೇ. ಸೀಟಿಗೆ ಎರಡು ಮಟ್ಟಗಳಿರುವ ಮಾದರಿ ಸಿಕ್ಕರೆ ಒಳ್ಳೆಯದು. ಮೊದಲ ಕೆಲವು ತಿಂಗಳು ಕೆಳಗಿನ ಮಟ್ಟದಲ್ಲೇ ಕುಳಿತುಕೊಳ್ಳಿ.

ತಳದ ಆಕಾರ ನಿಮ್ಮ ಊರಿಗೆ ಇನ್ನೂ ಮುಖ್ಯ. ಪೂರ್ತಿ ಚಪ್ಪಟೆ ತಳದ ಕಯಾಕ್ ನಿಂತ ನೀರಿನಲ್ಲಿ ಜಗುಲಿಯ ಮೇಲೆ ಕೂತಷ್ಟು ನೆಮ್ಮದಿ ಕೊಡುತ್ತದೆ. ಗಂಗೊಳ್ಳಿ ಬಂದರಿನ ಬೋಟೊಂದು ಪಕ್ಕದಲ್ಲಿ ಹಾದು ಅಲೆ ಎಬ್ಬಿಸಿದಾಗ ಅದರ ಇನ್ನೊಂದು ಗುಣ ಗೊತ್ತಾಗುತ್ತದೆ. ಚಪ್ಪಟೆ ತಳ ಅಲೆಯ ಇಳಿಜಾರಿಗೆ ಅಂಟಿಕೊಂಡೇ ವಾಲುತ್ತದೆ, ಅಂಚು ನೀರೊಳಗೆ ಹೋದ ಮೇಲೆ ಒಮ್ಮೆಲೇ ಕೈಬಿಡುತ್ತದೆ. ನಡುವೆ ಕೊಂಚ ಕೋನವಿದ್ದು ಬದಿಗಳು ದುಂಡಗಾದ ತಳ ಕುಳಿತ ಕೂಡಲೇ ತುಸು ಅಲುಗಾಡಿ ಹೆದರಿಸುತ್ತದೆ. ಆದರೆ ವಾಲಿದಷ್ಟೂ ಗಟ್ಟಿಯಾಗುತ್ತ ಹೋಗುತ್ತದೆ. ಇವೆರಡರ ನಡುವಿನದು, ತಳದ ಎರಡು ಬದಿಯಲ್ಲಿ ಉದ್ದಕ್ಕೆ ದಿಂಡು ಇದ್ದು ಮಧ್ಯೆ ಕಾಲುವೆಯಂತೆ ಬಿಟ್ಟ ವಿನ್ಯಾಸ. ಹೊಸಬರಿಗೆ, ಅದರಲ್ಲೂ ಗಾಳದವರಿಗೆ, ನಾವು ಹೇಳುವುದು ಇದನ್ನೇ. ಅಲೆ ಬಂದಾಗ ಮಾತ್ರ ಯಾವ ಕಯಾಕ್ ಆದರೂ ಪಕ್ಕೆ ಕೊಡಬೇಡಿ, ಮೂತಿ ತಿರುಗಿಸಿ.

ತೂಕದ ಲೆಕ್ಕ ಹೀಗೆ ಮಾಡಿ. ನಿಮ್ಮ 92, ಲೈಫ್ ಜಾಕೆಟ್, ಗಾಳದ ಪೆಟ್ಟಿಗೆ, ಲಂಗರು, ಕುಡಿಯುವ ನೀರು, ಐಸ್ ಡಬ್ಬಿ ಎಲ್ಲ ಸೇರಿ 15, ಒಟ್ಟು 107 ಕೆ.ಜಿ. ಇದು ಕಯಾಕ್‌ನ ಗರಿಷ್ಠ ಸಾಮರ್ಥ್ಯದ ಶೇ 70 ದಾಟಬಾರದು. ಅಂದರೆ 153 ಕೆ.ಜಿ.ಗೆ ಕಡಿಮೆಯಿಲ್ಲದ್ದು ಬೇಕು. 160 ಇದ್ದರೆ ನಿರಾಳ. ಕಂಪನಿಗಳು ಬರೆಯುವ ಗರಿಷ್ಠ ತೂಕ ‘ತೇಲುತ್ತದೆ’ ಎಂಬುದಕ್ಕಷ್ಟೇ ಭರವಸೆ. ಅಷ್ಟು ಹೇರಿದರೆ ಕೂರುವ ಜಾಗದಲ್ಲಿ ನೀರು ನಿಲ್ಲುತ್ತದೆ, ಅಂಚು ನೀರಿಗೆ ಹತ್ತಿರವಾಗುತ್ತದೆ, ಹುಟ್ಟು ಹಾಕಿದರೂ ಮುಂದೆ ಸರಿಯದು.

ಒಟ್ಟಿನಲ್ಲಿ ನಿಮಗೆ ಒಗ್ಗುವುದು 11ರಿಂದ 12 ಅಡಿ ಉದ್ದ, 32ರಿಂದ 34 ಇಂಚು ಅಗಲ, ಮೇಲೆ ಕೂರುವ ಬಗೆಯ (ಒಡಲೊಳಗೆ ಕಾಲು ಇಳಿಸದೆ, ಮುಚ್ಚಿದ ಒಡಲಿನ ಮೇಲೆಯೇ ಕೂರುವ) ಕಯಾಕ್. 10 ಅಡಿಯದು ಸಾಗಿಸಲು ಹಗುರ, ಆದರೆ ನಿಮ್ಮ ತೂಕಕ್ಕೆ ಮೂತಿ ಎಡಬಲಕ್ಕೆ ಹೊರಳುತ್ತಲೇ ಇರುತ್ತದೆ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ನೇರ ಹೋಗುವುದೇ ಕಷ್ಟ. ಹಣ ಕೊಡುವ ಮೊದಲು ನೀರಿನಲ್ಲಿ ಕೂತು ನೋಡಲೇಬೇಕು. ಎದೆಮಟ್ಟದ ನೀರಿನಲ್ಲಿ ಒಂದು ಬದಿಗೆ ನಿಧಾನವಾಗಿ ವಾಲುತ್ತ ಹೋಗಿ, ಅಂಚಿಗೆ ನೀರು ಮುಟ್ಟುವವರೆಗೆ. ಅಲ್ಲಿಯವರೆಗೂ ಅದು ನಿಮ್ಮನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಸರಿ. ಅರ್ಧಕ್ಕೇ ತಳ್ಳುವುದು ನಿಲ್ಲಿಸಿದರೆ ಬೇರೆಯದು ನೋಡಿ. ಸೀಟಿನ ಹಿಂದಕ್ಕೆ ತಿರುಗಿ ಪೆಟ್ಟಿಗೆಯಿಂದ ಏನಾದರೂ ತೆಗೆಯುವಂತೆಯೂ ಮಾಡಿ ನೋಡಿ. ಗಾಳ ಹಾಕುವವರು ನೀರಿಗೆ ಬೀಳುವುದು ಹೆಚ್ಚಾಗಿ ಹಾಗೆ ತಿರುಗುವಾಗಲೇ.

ಉಬ್ಬರ–ಇಳಿತದ ವೇಳೆ ನೋಡದೆ ಹೊರಡಬೇಡಿ. ಉಬ್ಬರದ ಜೊತೆ ಒಳಕ್ಕೆ ಹೋಗಿ, ಇಳಿತ ಶುರುವಾದ ಮೇಲೆ ಅದರ ಜೊತೆಗೇ ಹಿಂತಿರುಗಿ. ಅಳಿವೆ ಬಾಗಿಲಿನ ಹತ್ತಿರ ಇಳಿತದಲ್ಲಿ ಹೋಗುವುದು ಮಾತ್ರ ಬೇಡವೇ ಬೇಡ. ಹೊರಗೆ ಓಡುವ ನೀರಿಗೆ ಕಡಲ ಅಲೆ ಎದುರಾಗಿ ಅಲ್ಲೇ ಮುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ತ ಸುಳಿಯದಿರುವುದೇ ಲೇಸು.

ಪ್ರಶ್ನೆ: ಮೇಲೆ ಕೂರುವ ಕಯಾಕ್‌ನ ತಳದಲ್ಲಿ ಆರೆಂಟು ತೂತುಗಳಿವೆ. ನೀರು ಒಳಗೆ ಬರುವುದಿಲ್ಲವೇ? ಒಳಗೆ ಕೂರುವ ಬಗೆಯೇ ಸುರಕ್ಷಿತವಲ್ಲವೇ?
— ಓದುಗರು, ಹೊನ್ನಾವರ

ಉತ್ತರ: ಆ ತೂತುಗಳು ದೋಣಿಯ ಒಡಲಿಗೆ ತೆರೆದುಕೊಳ್ಳುವುದಿಲ್ಲ. ಮೇಲಿನ ತಟ್ಟೆಯಿಂದ ತಳದವರೆಗೆ ಕೊಳವೆಯಂತೆ ಹಾದುಹೋಗುತ್ತವೆ, ಸುತ್ತಲಿನ ಒಡಲು ಮುಚ್ಚಿಯೇ ಇರುತ್ತದೆ. ಅಲೆಯಿಂದಲೋ ಹುಟ್ಟಿನಿಂದಲೋ ಮೇಲೆ ಬಿದ್ದ ನೀರು ಅಲ್ಲಿಂದಲೇ ಇಳಿದು ಹೋಗಲಿ ಎಂದು ಮಾಡಿರುವುದು. ತೂಕ ಜಾಸ್ತಿಯಾದರೆ ಅಲ್ಲಿಂದ ನೀರು ಮೇಲೇರಿ ನಿಮ್ಮ ಕುಂಡೆ ಒದ್ದೆಯಾದೀತು. ಅದಕ್ಕೆ ರಬ್ಬರ್ ಬಿರಡೆಗಳು ಸಿಗುತ್ತವೆ. ಸೀಟಿನ ಕೆಳಗಿನ ಎರಡಕ್ಕೆ ಮಾತ್ರ ಹಾಕಿ. ಎಲ್ಲವನ್ನೂ ಮುಚ್ಚಿದರೆ ಮೇಲೆ ಬಿದ್ದ ನೀರಿಗೆ ದಾರಿಯಿರುವುದಿಲ್ಲ, ಆ ನೀರು ಅತ್ತಿತ್ತ ಓಡಾಡಿ ದೋಣಿಯನ್ನೇ ವಾಲಿಸುತ್ತದೆ. ನಿಜವಾಗಿ ಮರೆಯಬಾರದ್ದು ಹಿಂಬದಿಯ ತುದಿಯಲ್ಲಿರುವ ಸಣ್ಣ ತಿರುಪಿನ ಬಿರಡೆ. ಅದು ಒಡಲಿನ ನೀರು ಬಸಿಯುವ ಬಾಯಿ. ತೊಳೆದು ಬಿಚ್ಚಿಟ್ಟು, ಮುಂದಿನ ಸಲ ಹಾಕದೇ ನೀರಿಗಿಳಿಸಿದರೆ ಅರ್ಧ ಗಂಟೆಯಲ್ಲಿ ಹಿಂಬದಿ ತಗ್ಗಿ, ‘ಇವತ್ತೇಕೋ ಅಲುಗಾಡುತ್ತಿದೆ’ ಎನಿಸತೊಡಗುತ್ತದೆ. ಬಿರಡೆಗೊಂದು ದಾರ ಕಟ್ಟಿ ಹಿಡಿಕೆಗೆ ಬಿಗಿದುಬಿಡಿ.

ಒಳಗೆ ಕೂರುವ ಬಗೆಯಲ್ಲಿ ಸೀಟು ತಗ್ಗಿನಲ್ಲಿರುತ್ತದೆ. ಹಾಗಾಗಿ 28–29 ಇಂಚು ಅಗಲದಲ್ಲೂ ಭದ್ರವೆನಿಸುತ್ತದೆ, ಗಾಳಿ–ಚಳಿಗೆ ಮರೆಯೂ ಹೌದು. ಆದರೆ ಒಮ್ಮೆ ಮಗುಚಿದರೆ ನೂರಾರು ಲೀಟರ್ ನೀರು ತುಂಬುತ್ತದೆ. ಮೂತಿ–ಹಿಂಬದಿ ಎರಡರಲ್ಲೂ ಗಾಳಿ ನಿಲ್ಲುವ ಕೋಣೆ ಇಲ್ಲದ ಅಗ್ಗದ ಮಾದರಿಯನ್ನು ನಡುನೀರಿನಲ್ಲಿ ಒಬ್ಬರೇ ಖಾಲಿ ಮಾಡಿ ಮತ್ತೆ ಹತ್ತುವುದು ಆಗದ ಮಾತು. ಶರಾವತಿಯ ಬೆಚ್ಚಗಿನ ನೀರಿಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಂದುಗಳಿಗೆ ಮೇಲೆ ಕೂರುವುದೇ ಸರಿ.

ಬಿದ್ದರೆ ಹತ್ತುವ ಕ್ರಮ ಇಷ್ಟು. ಬೋರಲಾದ ಕಯಾಕ್‌ನ ನಡುಭಾಗಕ್ಕೆ ಬನ್ನಿ. ತಳದ ಮೇಲಿಂದ ಕೈ ಚಾಚಿ ಆಚೆ ಬದಿಯ ಹಿಡಿಕೆಯನ್ನೋ ಪಟ್ಟಿಯನ್ನೋ ಹಿಡಿದು, ಮಂಡಿಯನ್ನು ಈಚೆ ಅಂಚಿಗೆ ಒತ್ತಿ, ಹಿಂದಕ್ಕೆ ಬಿದ್ದರೆ ಅದು ಮೇಲ್ಮುಖವಾಗುತ್ತದೆ. ಆಮೇಲೆ ಸೀಟಿನ ಪಕ್ಕದಲ್ಲಿ ಕಾಲನ್ನು ನೀರಿನ ಮಟ್ಟಕ್ಕೆ ತಂದು ಬಡಿಯುತ್ತ, ಹೊಟ್ಟೆಯ ಮೇಲೆ ಅಡ್ಡಲಾಗಿ ಜಾರಿ ಬನ್ನಿ. ಹೊಟ್ಟೆ ನಡುವಿಗೆ ಬಂದ ಮೇಲೆ ಮಗ್ಗುಲು ತಿರುಗಿ ಸೀಟಿನಲ್ಲಿ ಕೂತು, ಕೊನೆಯಲ್ಲಿ ಕಾಲುಗಳನ್ನು ಒಳಗೆಳೆದುಕೊಳ್ಳಿ. ಮೊದಲೇ ಎದ್ದು ಕೂರಲು ಹೋದರೆ ಮತ್ತೆ ನೀರಿಗೇ. ಲೈಫ್ ಜಾಕೆಟ್ ತೊಟ್ಟು, ದಡದ ಬಳಿ ಇದನ್ನು ಸಲೀಸಾಗುವವರೆಗೆ ಮಾಡಿ, ಆಮೇಲೆ ಗಾಳದ ಕೋಲು ಮುಟ್ಟಿ.

ಪ್ರಶ್ನೆ: ನಿಂತುಕೊಂಡು ಬೀಸುಬಲೆ ಹಾಕುವಷ್ಟು ಭದ್ರವಾದ ಕಯಾಕ್ ಇದೆಯೇ?
— ಓದುಗರು, ಅಂಕೋಲಾ

ಉತ್ತರ: ನಿಂತು ಗಾಳ ಎಸೆಯುವಷ್ಟು ಭದ್ರವಾದವು ಇವೆ. 34 ಇಂಚಿಗಿಂತ ಅಗಲ, ಜೋಡಿ ದಿಂಡಿನ ತಳ, ಕಾಲಿಡುವಲ್ಲಿ ಸಮತಟ್ಟಾದ ಜಾರದ ಹಾಸು. ಅಂಥವು 35–40 ಕೆ.ಜಿ. ತೂಗುತ್ತವೆ, ಒಬ್ಬರೇ ಎತ್ತಲಾರಿರಿ. ಬೀಸುಬಲೆ ಮಾತ್ರ ಬೇಡ. ಬಲೆ ಬೀಸಲು ಸೊಂಟದಿಂದ ಮೇಲಿನ ಮೈ ಪೂರ್ತಿ ತಿರುಗಬೇಕು, ತೂಕವೆಲ್ಲ ಒಂದೇ ಕಾಲಿಗೆ ಬರುತ್ತದೆ. ಸಾಲದ್ದಕ್ಕೆ ಬಲೆಯ ಹಗ್ಗ ಮಣಿಕಟ್ಟಿಗೆ ಸುತ್ತಿರುತ್ತದೆ. ಬಲೆ ಬೇರಿಗೋ ಕಲ್ಲಿಗೋ ಸಿಕ್ಕಿದರೆ ಕಯಾಕ್ ಮುಂದೆ, ನೀವು ಹಿಂದೆ. ಅದಕ್ಕೆ ನಮ್ಮ ಅಗಲದ ಮರದ ದೋಣಿಯೇ ಇರಲಿ.

ಪ್ರಶ್ನೆ: ಇಳಿತದ ಹೊತ್ತಿನಲ್ಲಿ ಲಂಗರು ಹಾಕಿ ಕೆಂಬೇರಿ ಮೀನಿಗೆ ಕಾಯುತ್ತಿದ್ದೆ. ಕಯಾಕ್ ಅಡ್ಡ ತಿರುಗಿ ಒಂದು ಬದಿ ತಗ್ಗಿ ನೀರು ನುಗ್ಗಿತು. 33 ಇಂಚಿನ ಅಗಲದ್ದು. ದೋಷ ದೋಣಿಯದ್ದೇ?
— ಓದುಗರು, ಸಾಸ್ತಾನ

ಉತ್ತರ: ದೋಣಿಯದ್ದಲ್ಲ. ಹಗ್ಗವನ್ನು ಸೀಟಿನ ಪಕ್ಕದ ಹಿಡಿಕೆಗೆ ಕಟ್ಟಿರಬೇಕು. ಕೈಗೆ ಸಿಗುವುದು ಅದೇ ಆದ್ದರಿಂದ ಎಲ್ಲರೂ ಮಾಡುವುದು ಹಾಗೆಯೇ. ಪಕ್ಕದಲ್ಲಿ ಕಟ್ಟಿದರೆ ಹರಿವು ಕಯಾಕ್‌ನ ಇಡೀ ಉದ್ದವನ್ನು ತಳ್ಳುತ್ತದೆ, ಹಗ್ಗ ಅದೇ ಬದಿಯನ್ನು ಕೆಳಗೆಳೆಯುತ್ತದೆ. ಈ ಎಳೆತದ ಮುಂದೆ 36 ಇಂಚೂ ನಿಲ್ಲುವುದಿಲ್ಲ. ಲಂಗರಿನ ಎಳೆತ ಯಾವಾಗಲೂ ಮೂತಿಯಿಂದ, ಇಲ್ಲವೇ ಹರಿವು ತೀರಾ ಕಡಿಮೆಯಿದ್ದಾಗ ಹಿಂಬದಿಯ ತುದಿಯಿಂದ ಇರಬೇಕು. ಕೂತಲ್ಲಿಂದ ತುದಿಗೆ ಕೈ ನಿಲುಕುವುದಿಲ್ಲವಲ್ಲ, ಅದಕ್ಕೊಂದು ಉಪಾಯವಿದೆ. ಮೂತಿ ಮತ್ತು ಹಿಂಬದಿಯಲ್ಲಿ ಒಂದೊಂದು ಸಣ್ಣ ರಾಟೆ ಕೂರಿಸಿ, 5–6 ಮಿ.ಮೀ. ಹಗ್ಗವನ್ನು ಎರಡಕ್ಕೂ ಸುತ್ತು ಹಾಕಿ, ನಡುವೆ ಒಂದು ಉಕ್ಕಿನ ಬಳೆ ಕಟ್ಟಿ. ಲಂಗರಿನ ಹಗ್ಗವನ್ನು ಬಳೆಯೊಳಗೆ ಹಾಯಿಸಿ, ಸುತ್ತು ಎಳೆದರೆ ಬಳೆ ತುದಿಗೆ ಸರಿಯುತ್ತದೆ. ಹಗ್ಗದ ಕೊನೆಯನ್ನು ಕೈಗೆಟುಕುವ ಕ್ಲೀಟ್‌ಗೆ (ಗಂಟಿಲ್ಲದೆ ಹಗ್ಗ ಹಿಡಿದಿಡುವ ಸಾಧನ) ಸಿಕ್ಕಿಸಿ. ಗಂಟು ಹಾಕಬೇಡಿ.

ಒಂದೂವರೆ ಕೆ.ಜಿ.ಯ ಮಡಚುವ ನಾಲ್ಕು ಕೊಕ್ಕೆಯ ಲಂಗರು ಸಾಕು. ಹಗ್ಗ ಆಳದ ಐದು ಪಟ್ಟು ಬಿಡಿ. 3 ಮೀಟರ್ ನೀರಿಗೆ 15 ಮೀಟರ್. ನೇರ ಕೆಳಗೆ ಬಿಟ್ಟ ಲಂಗರು ಕೆಸರನ್ನು ಕಚ್ಚುವುದಿಲ್ಲ, ಕಚ್ಚಿದರೂ ಮೂತಿಯನ್ನು ಕೆಳಗೆಳೆಯುತ್ತದೆ. ಹಗ್ಗದ ಕೊನೆಗೆ ಒಂದು ತೇಲುಬೆಂಡು ಇರಲಿ. ಲಂಗರು ಸಿಕ್ಕಿಬಿದ್ದರೆ ಹಗ್ಗವನ್ನೇ ಬಿಟ್ಟು, ಇಳಿತ ನಿಂತ ಮೇಲೆ ಬಂದು ಎತ್ತಿಕೊಳ್ಳಬಹುದು. ಎದೆಯ ಮೇಲೆ, ಜಾಕೆಟ್‌ಗೆ ಸಿಕ್ಕಿಸಿದ ಚಾಕು ಬೇಕೇ ಬೇಕು. ಹರಿವು ಜೋರಿದ್ದ ದಿನ ಲಂಗರನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಹೊಳೆ ದಾಟುವ ವಿದ್ಯುತ್ ತಂತಿ ತಗ್ಗಾಗಿರುವ ಕಡೆ ಇನ್ನೊಂದು ಎಚ್ಚರ: ಕಾರ್ಬನ್ ಗಾಳದ ಕೋಲು ಕರೆಂಟು ಹಾಯಿಸುತ್ತದೆ. ಹಿಂದಿನ ಕೊಳವೆಯಲ್ಲಿ ನಿಲ್ಲಿಸಿಟ್ಟ ಕೋಲನ್ನು ಮಲಗಿಸಿ ಮುಂದೆ ಹೋಗಿ.

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲಾಟ್, ಸಣ್ಣ ಕಾರು. ಗಾಳಿ ತುಂಬುವ ಕಯಾಕ್ ಗಾಳ ಹಾಕಲು ಆಗುತ್ತದೆಯೇ? ನಾವು ಇಬ್ಬರು, ಹತ್ತು ವರ್ಷದ ಮಗ.
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪರಿಸ್ಥಿತಿಗೆ ಅದೇ ಸರಿ, ಮಿತಿ ಗೊತ್ತಿದ್ದರೆ. ಮಗುಚುವ ಭಯ ಇಲ್ಲಿ ಕಡಿಮೆ, ಏಕೆಂದರೆ ಎರಡು ಬದಿಯ ದಪ್ಪ ಗಾಳಿ ಕೊಳವೆಗಳೇ ಆಸರೆ. ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಎಂಬ ಜನಪ್ರಿಯ ಮಾದರಿ 3.12 ಮೀಟರ್ ಉದ್ದ, 91 ಸೆಂ.ಮೀ. ಅಗಲ, ಗರಿಷ್ಠ 180 ಕೆ.ಜಿ.; ಮಾಡಿರುವುದು ಇಬ್ಬರಿಗೆ. ಮೂವರು ಕೂರುವಂತಿಲ್ಲ, ಶೇ 70ರ ಲೆಕ್ಕ ಇಲ್ಲೂ ಅನ್ವಯ. ದೊಡ್ಡವರೊಬ್ಬರು ಮತ್ತು ಮಗ ಒಂದು ಸುತ್ತು, ಆಮೇಲೆ ಇನ್ನೊಬ್ಬರು ಎಂದು ಸರದಿ ಮಾಡಿಕೊಳ್ಳಿ. ಮಗನಿಗೆ ಅವನ ತೂಕದ ಅಳತೆಯ ಜಾಕೆಟ್ಟೇ ಬೇಕು. ದೊಡ್ಡವರದನ್ನು ಬಿಗಿದು ತೊಡಿಸಿದರೆ ನೀರಿನಲ್ಲಿ ಅದು ಕಿವಿಯ ಮೇಲಕ್ಕೆ ಏರಿ, ಹುಡುಗ ಕೆಳಗೆ ಜಾರುತ್ತಾನೆ. ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದು ನೋಡಿ; ಗಲ್ಲ ಮುಟ್ಟಬಾರದು.

ಈ ಬಗೆಗೆ ಗಾಳಿಯೇ ವೈರಿ. ಹಗುರ, ನೀರಿನ ಮೇಲೆ ಎತ್ತರಕ್ಕೆ ಕೂತಿರುತ್ತದೆ. ತಳದ ರೆಕ್ಕೆಯನ್ನು ಸಿಕ್ಕಿಸಲು ಮರೆತರೆ ಕೂತಲ್ಲೇ ಗಿರಕಿ. ಬೆಳಿಗ್ಗೆ ತಂಪಿನಲ್ಲಿ ಗಟ್ಟಿಯಾಗಿ ತುಂಬಿ, ಹನ್ನೊಂದು ಗಂಟೆಗೆ ದಡದ ಬಿಸಿಲಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಬಿಟ್ಟುಕೊಳ್ಳುತ್ತದೆ. ನೀರಿನಿಂದ ಎತ್ತಿದ ಕೂಡಲೇ ನೆರಳಿಗೆ ತನ್ನಿ, ಸ್ವಲ್ಪ ಗಾಳಿ ಬಿಡಿ. ಗಾಳದ ಕೊಕ್ಕೆ ಹಾಗೇ ಬಿದ್ದಿರಬಾರದು, ಮೀನನ್ನು ಪ್ಲಾಸ್ಟಿಕ್ ಡಬ್ಬಿಗೇ ಇಳಿಸಿ. ಕಲ್ಲಿಗೆ ಚಿಪ್ಪು ಕಚ್ಚಿಕೊಂಡಿರುವ ಉಪ್ಪುನೀರಿಗೆ ಇದನ್ನು ಒಯ್ಯಬೇಡಿ. ಹೆಚ್ಚು ಹಣ ಹಾಕುವುದಾದರೆ ತಳದೊಳಗೆ ಸಾವಿರಾರು ನೂಲುಗಳಿಂದ ಬಿಗಿದ ಡ್ರಾಪ್‌ಸ್ಟಿಚ್ ಬಗೆ ಇದೆ. ಅದರ ತಳಕ್ಕೆ 8–10 ಪಿಎಸ್‌ಐ ಒತ್ತಡ ತುಂಬಬಹುದು, ಹಲಗೆಯಷ್ಟು ಗಟ್ಟಿ.

ಎಲ್ಲಿ ಇಳಿಸುವುದು ಎಂಬುದೇ ನಿಮ್ಮೂರಿನ ದೊಡ್ಡ ತಲೆನೋವು. ನಗರದ ಕೆರೆಗಳಿಗೆ ನಿಮ್ಮ ಪಾಡಿಗೆ ದೋಣಿ ಇಳಿಸುವಂತಿಲ್ಲ. ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಅಭಯಾರಣ್ಯದೊಳಗೆ ಗಾಳವೇ ನಿಷಿದ್ಧ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಂಡು ಹೊರಡಿ. ದಾಂಡೇಲಿಯ ಕಾಳಿಯಂಥ ಮೊಸಳೆಯಿರುವ ನೀರಿಗೆ ರಬ್ಬರು–ಪ್ಲಾಸ್ಟಿಕ್ಕಿನ ಗಾಳಿಚೀಲ ಇಳಿಸುವ ಯೋಚನೆಯೇ ಬೇಡ.

ಪ್ರಶ್ನೆ: ರೆಸಾರ್ಟ್ ಒಂದು ಹಳೆಯ ಪ್ಲಾಸ್ಟಿಕ್ ಕಯಾಕ್‌ಗಳನ್ನು ಮಾರುತ್ತಿದೆ. ಏನು ನೋಡಬೇಕು?
— ಓದುಗರು, ಸಾಗರ

ಉತ್ತರ: ಮೊದಲು ಹಿಂಬದಿಯ ತಳ. ಸಿಮೆಂಟಿನ ಮೇಲೆ ದರದರ ಎಳೆದು ಸವೆಸಿರುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಸರಿಯುವಷ್ಟು ತೆಳುವಾಗಿದ್ದರೆ ಬೇಡ. ಎರಡನೆಯದು ಸೀಟಿನ ಕೆಳಗಿನ ತೂತುಗಳ ಸುತ್ತ ಕೂದಲೆಳೆಯ ಬಿರುಕು. ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು, ಹೊರಗಿನಿಂದ ಇನ್ನೊಬ್ಬರು ನೋಡಿದರೆ ಬೆಳಕು ತೋರುತ್ತದೆ. ನಂಬಿಕೆ ಬರದಿದ್ದರೆ ಒಡಲಿಗೆ ಎರಡು ಬಕೆಟ್ ನೀರು ಹೊಯ್ದು ಅತ್ತಿತ್ತ ವಾಲಿಸಿ, ಎಲ್ಲಿ ಜಿನುಗುತ್ತದೆಂದು ನೋಡಿ. ಕೈಯಾಡಿಸಿದಾಗ ಸುಣ್ಣದಂಥ ಪುಡಿ ಅಂಟಿದರೆ ಬಿಸಿಲು ತಿಂದ ಪ್ಲಾಸ್ಟಿಕ್ ಅದು, ಬಿರುಕು ಬಿಡುವುದು ಖಚಿತ. ‘ಎಂ-ಸೀಲ್ ಹಾಕಿದರಾಯಿತು’ ಎಂದರೆ ಕೇಳಬೇಡಿ. ಪಾಲಿಥೀನಿಗೆ ಎಪಾಕ್ಸಿಯಾಗಲಿ ಫೈಬರ್ ಪಟ್ಟಿಯಾಗಲಿ ಕಚ್ಚುವುದಿಲ್ಲ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿಯಿಂದ ಬೆಸುಗೆ ಹಾಕಿಸಬೇಕು. ನೀರಿನ ಟ್ಯಾಂಕ್ ರಿಪೇರಿಯವರು ಮಾಡಿಕೊಡುತ್ತಾರೆ.

ತಳದಲ್ಲಿ ಗುಳಿ ಬಿದ್ದಿದ್ದರೆ ಚಿಂತೆಯಿಲ್ಲ. ಬಿಸಿಲಿಗೆ ಬೋರಲು ಹಾಕಿ, ಬಿಸಿಯಾದ ಮೇಲೆ ಒಳಗಿನಿಂದ ತಳ್ಳಿದರೆ ಬಹುಪಾಲು ಎದ್ದುಬರುತ್ತದೆ. ಮನೆಗೆ ಒಯ್ಯುವಾಗ ಕಾರಿನ ಮೇಲೆ ಬೋರಲಾಗಿಯೇ ಇಡಿ, ಪಟ್ಟಿಯನ್ನು ಲಾರಿಯವರಂತೆ ಬಿಗಿಯಬೇಡಿ. ಗುಳಿ ಬೀಳುವುದೇ ಹಾಗೆ. ಲಿಂಗನಮಕ್ಕಿಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಮೋಟುಗಳು ಮೇಲ್ಮೈಗೆ ಅರ್ಧ ಅಡಿ ಕೆಳಗಿರುತ್ತವೆ. ಅಗಲದ ತಳ ಅದರ ಮೇಲೆ ಏರಿ ಕೂತರೆ ಹುಟ್ಟಿನಿಂದ ಜಗ್ಗಾಡಬೇಡಿ, ಮೈಯ ಭಾರ ಹಿಂದಕ್ಕೆ ಸರಿಸಿ ಬಂದ ದಾರಿಯಲ್ಲೇ ಜಾರಿ ಇಳಿಯಿರಿ.

ಹುಟ್ಟು ಜೊತೆಗೆ ಕೊಡುತ್ತಾರಾ ಎಂದು ಕೇಳಿ, ಕೊಟ್ಟರೆ ಅಳೆಯಿರಿ. 32 ಇಂಚಿಗಿಂತ ಅಗಲದ ಕಯಾಕ್‌ಗೆ 240 ಸೆಂ.ಮೀ. ಬೇಕು, ಎತ್ತರದ ಸೀಟಿದ್ದರೆ 250. ಬಾಡಿಗೆಯವರ 210–220ರ ಹುಟ್ಟು ಪ್ರತಿ ಸಲ ಅಂಚಿಗೆ ಬಡಿದು, ಅದನ್ನು ನೀರಿಗೆ ತಲುಪಿಸಲು ನೀವೇ ಬದಿಗೆ ಬಾಗಬೇಕಾಗುತ್ತದೆ.

ಪ್ರಶ್ನೆ: ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಬಿಸಿಲು ಬಂದ ಕೂಡಲೇ ಶುರು ಮಾಡಬೇಕೆಂದಿದ್ದೇನೆ. ಊರಲ್ಲಿ ಕಂಡಂತೆ ಮೇಲೆ ಕೂರುವುದೇ ಕೊಳ್ಳಲೇ? ಸಣ್ಣ ಬ್ಯಾಟರಿ ಮೋಟಾರು ಹಾಕಿದರೆ ಹೇಗೆ?
— ಓದುಗರು, ರಾಚೆಸ್ಟರ್

ಉತ್ತರ: ಏಪ್ರಿಲ್‌ನಲ್ಲಿ ಅಲ್ಲಿ ಗಾಳಿ ಬೆಚ್ಚಗಿದ್ದರೂ ನೀರು ಹಿಮ ಕರಗಿದ್ದು. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ಬಿದ್ದರೆ ಮೊದಲ ನಿಮಿಷ ಉಸಿರು ಕೈಗೆ ಸಿಗುವುದಿಲ್ಲ, ಹತ್ತು ನಿಮಿಷದೊಳಗೆ ಕೈಬೆರಳು ಹಿಡಿತ ಬಿಡತೊಡಗುತ್ತವೆ. ಈಜು ಬರುವವರೂ ಮುಳುಗುವುದು ಹೀಗೆ. ಬಟ್ಟೆ ನೀರಿನ ತಂಪಿಗೆ ತಕ್ಕಂತಿರಬೇಕು, ಅಂದರೆ ಮೈಯ ಬಿಸಿ ಉಳಿಸುವ ವೆಟ್‌ಸೂಟ್ ಅಥವಾ ನೀರನ್ನೇ ಒಳಬಿಡದ ಡ್ರೈಸೂಟ್. ಅದು ಕೊಳ್ಳುವ ಮನಸ್ಸಿಲ್ಲದಿದ್ದರೆ ಜೂನ್ ಮಧ್ಯದವರೆಗೆ ಕಾಯಿರಿ. ನವೆಂಬರ್ 1ರಿಂದ ಮೇ 1ರವರೆಗೆ 21 ಅಡಿಗಿಂತ ಚಿಕ್ಕ ದೋಣಿಯಲ್ಲಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟೇ ಇರಬೇಕೆಂದು ಆ ರಾಜ್ಯದ ಕಾನೂನಿದೆ. 16 ತುಂಬಿದವರಿಗೆ ಮೀನು ಹಿಡಿಯುವ ಪರವಾನಗಿಯೂ ಬೇಕು.

ಸಣ್ಣ ಕೆರೆ, ಕಾಲುವೆಗಳಲ್ಲಿ ದಡದ ಬಳಿಯೇ ಸುತ್ತಾಡುವುದಾದರೆ ಒಳಗೆ ಕೂರುವ ವೈಲ್ಡರ್‌ನೆಸ್ ಸಿಸ್ಟಮ್ಸ್ ಪಂಗೋ 120ರಂಥದ್ದು ಒಳ್ಳೆಯದು: 12 ಅಡಿ 2 ಇಂಚು ಉದ್ದ, 29 ಇಂಚು ಅಗಲ, ಸುಮಾರು 22 ಕೆ.ಜಿ. ಮೂತಿಯೊಳಗೆ ಗಾಳಿಚೀಲವೊಂದನ್ನು ತುರುಕಿ ಕಟ್ಟಿ. ಒಂಟಾರಿಯೊ ಸರೋವರದ ಕಡೆ ಹೋಗುವ ಯೋಚನೆಯಿದ್ದರೆ ಮೇಲೆ ಕೂರುವುದೇ ಇರಲಿ, ಬಿದ್ದರೂ ಹತ್ತಬಹುದು. ಅದಾದರೂ ದಡದ ಗಾಳಿ ಒಳಗಿನಿಂದ ಸರೋವರದತ್ತ ಬೀಸುವ ದಿನ ಇಳಿಯಬೇಡಿ. ದಡದಲ್ಲಿ ನೀರು ನಯವಾಗಿ ಕಾಣುತ್ತದೆ, ಹೊರಗೆ ಹೋದಷ್ಟೂ ಅಲೆ ದೊಡ್ಡದಾಗುತ್ತದೆ, ಹಿಂತಿರುಗುವುದು ಗಾಳಿಗೆ ಎದುರಾಗಿ.

ಮೋಟಾರನ್ನು ಒಂದು ವರ್ಷ ಮುಂದಕ್ಕೆ ಹಾಕಿ. 12 ವೋಲ್ಟಿನ, 30 ಪೌಂಡ್ ತಳ್ಳುಬಲದ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಸಾಲುವಷ್ಟು ಸೀಸದ ಬ್ಯಾಟರಿ 25 ಕೆ.ಜಿ. ದಾಟುತ್ತದೆ, ಎಲ್ಲರೂ ಅದನ್ನು ಹಿಂಬದಿಯಲ್ಲೇ ಇಡುತ್ತಾರೆ, ಮೂತಿ ಎದ್ದು ನಿಲ್ಲುತ್ತದೆ. ಲಿಥಿಯಂ ಫಾಸ್ಫೇಟ್ ಬಗೆ ಅದರ ಅರ್ಧ ತೂಕದ್ದು. ಅದನ್ನೂ ಸೀಟಿಗೆ ಒತ್ತಿ, ನಡುಗೆರೆಯ ಮೇಲೆ, ಕಟ್ಟಿಯೇ ಇಡಬೇಕು. ಬರೀ ಹುಟ್ಟಿನ ಕಯಾಕ್‌ಗೆ ಅಲ್ಲಿ ನೋಂದಣಿ ಬೇಕಿಲ್ಲ. ಬ್ಯಾಟರಿಯದ್ದೇ ಆದರೂ ಮೋಟಾರು ಕೂರಿಸಿದ ದಿನದಿಂದ ನೋಂದಣಿ ಮಾಡಿಸಿ, ಸಂಖ್ಯೆಯನ್ನು ಮೂತಿಯ ಎರಡೂ ಬದಿಗೆ ಅಂಟಿಸಬೇಕು.